ಆರ್ಡಿಸ್ ಬೇಟೆಗೆ ಹೋಗದ ವರ್ಷ

ಆರ್ಡಿಸ್ ಟೊಲೆಫ್ಸನ್ ಸಿಟ್ಟಾಗಿಲ್ಲದ ಹೊತ್ತನ್ನು ಹತ್ತೊಂಬತ್ತು ವರ್ಷಗಳಲ್ಲಿ ನಾನು ಎರಡೇ ಸಲ ನೋಡಿದ್ದೇನೆ. ಒಂದು ಸಲ ಮಂಡಿಯ ಆಪರೇಷನ್ನಿಗೆಂದು ಅವಳಿಗೆ ಅರಿವಳಿಕೆ ಕೊಟ್ಟಿದ್ದರು. ಇನ್ನೊಂದು ಸಲ ಯಾವಾಗ ಎಂದು ಹೇಳುವುದಕ್ಕೇ ಇಷ್ಟೆಲ್ಲ ಬರೆಯಬೇಕಾಗಿದೆ.

ನಾವಿಬ್ಬರೂ ಕೆಲಸ ಮಾಡುವುದು ಟ್ಯಾಮರಾಕ್ ಕೌಂಟಿಯ ಮಾನಸಿಕ ಆಸ್ಪತ್ರೆಯ ಮೂರನೇ ವಾರ್ಡಿನಲ್ಲಿ. ಅವಳು ಸಹಾಯಕಿ. ರೋಗಿಗಳನ್ನು ಎಬ್ಬಿಸುವುದು, ಸ್ನಾನಕ್ಕೆ ಕಳಿಸುವುದು, ಊಟಕ್ಕೆ ಕೂರಿಸುವುದು, ಜಗಳ ಬಿಡಿಸುವುದು ಅವಳ ಕೆಲಸ. ನಾನು ಗುಮಾಸ್ತ, ಜಗಳ ಮುಗಿದ ಮೇಲೆ ಅದರ ಕಾಗದಗಳನ್ನು ಕಡತಕ್ಕೆ ಸೇರಿಸುವವನು. ವಾರ್ಡು ನಡೆಯುವುದೇ ನನ್ನಿಂದ ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯ ಇದುವರೆಗೆ ಬೇರೆ ಯಾರಿಗೂ ಬಂದಿಲ್ಲ.

ನಮ್ಮಲ್ಲಿರುವವರಲ್ಲಿ ಹೆಚ್ಚಿನವರಿಗೆ ಸ್ಕಿಜೋಫ್ರೇನಿಯಾ. ಆ ಕಾಯಿಲೆಯವರೆಲ್ಲ ಹೊಡೆದಾಡುತ್ತಾರೆ ಎಂದು ಊರಿನಲ್ಲಿ ಒಂದು ನಂಬಿಕೆ ಇದೆ. ಸುಳ್ಳು. ಬಹಳಷ್ಟು ಜನ ಯಾರ ತಂಟೆಗೂ ಹೋಗದೆ ತಮ್ಮ ತಮ್ಮ ಮನೆಯಲ್ಲಿ ಇರುತ್ತಾರೆ. ತಂಟೆಗೆ ಹೋದ ಕೆಲವರು ಮಾತ್ರ ನಮ್ಮ ಬಾಗಿಲಿಗೆ ಬರುತ್ತಾರೆ.

ಆರ್ಡಿಸ್‌ಗೆ ಅರವತ್ತೊಂದು. ಕುಳ್ಳು, ಅಗಲ, ನಡೆದರೆ ಮಂಡಿ ಲಟಲಟ ಅನ್ನುತ್ತದೆ. ಅವಳು ಬರುತ್ತಿರುವುದು ಮೊಗಸಾಲೆಯ ಆ ತುದಿಯಿಂದಲೇ ಗೊತ್ತಾಗುತ್ತದೆ. ಅವಳಪ್ಪನದು ಹಾಲಿನ ಹಟ್ಟಿ. “ನಲವತ್ತು ಹಸು, ನಾಲ್ಕು ಜನ ಅಣ್ಣತಮ್ಮಂದಿರು, ಒಬ್ಬ ಅಪ್ಪ. ಅದರಲ್ಲಿ ಒದೀದೆ ಇದ್ದದ್ದು ಹಸುಗಳು ಮಾತ್ರ” ಅನ್ನುತ್ತಾಳೆ. ಏಳನೇ ವಯಸ್ಸಿನಿಂದ ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆದವಳು. ಮೂವತ್ತನೇ ವಯಸ್ಸಿಗೆ ಹಟ್ಟಿ ಮಾರಿಹೋಯಿತು, ಅವಳು ಆಸ್ಪತ್ರೆಗೆ ಬಂದಳು. ಬಂದ ಮೊದಲ ವಾರವೇ ತರಬೇತಿಗೆ ಕೂರಿಸಿದರಂತೆ. ರೇಗಿದ ರೋಗಿಯ ಬಳಿ ಹೇಗೆ ಹೋಗಬೇಕು ಎಂದು ರಾಜಧಾನಿಯಿಂದ ಬಂದ ಉಪನ್ಯಾಸಕ ಕೇಳಿದ. ಇವಳು ಎದ್ದು ನಿಂತು, “ಹಸು ಹತ್ರ ಹೋದ ಹಾಗೆ. ಹಿಂದಿನಿಂದ ಹೋಗಬಾರದು. ಭುಜದ ಕಡೆಯಿಂದ ಹೋಗಬೇಕು. ಮೊದಲು ಮಾತಾಡಬೇಕು, ಆಮೇಲೆ ಮುಟ್ಟಬೇಕು” ಎಂದಳು. ಎಲ್ಲರೂ ನಕ್ಕರು. ಮರುವರ್ಷ ಅದೇ ಮಾತು ಬಣ್ಣದ ಚಿತ್ರವಾಗಿ ಪರದೆಯ ಮೇಲೆ ಬಂತು. ಹಸು ಮಾತ್ರ ಇರಲಿಲ್ಲ.

ಅಂದಿನಿಂದ ಅವಳ ಸಿಟ್ಟು ಶುರು ಎಂದು ನನ್ನ ಅಂದಾಜು.

ರೋಗಿಗಳ ಮೇಲೆ ಅವಳು ಸಿಟ್ಟಾಗುವುದಿಲ್ಲವೆಂದೇನಲ್ಲ, ಅವರನ್ನೂ ಬೈಯುತ್ತಾಳೆ. ಆದರೆ ಕಾರಣ ಹೇಳಿ ಬೈಯುತ್ತಾಳೆ, ಎದುರಿಗೆ ನಿಂತು ಬೈಯುತ್ತಾಳೆ. ಹಾಗೆ ಬೈಸಿಕೊಳ್ಳುವುದು ಅವರಲ್ಲಿ ಹಲವರಿಗೆ ಒಂದು ಸಮಾಧಾನ, ಏಕೆಂದರೆ ಉಳಿದ ಬೈಗುಳ ಎಲ್ಲಿಂದ ಬರುತ್ತಿದೆ ಎಂದು ಅವರಿಗೆ ಕಾಣುವುದಿಲ್ಲ.

ಲೈಲ್ ಪ್ರಿಬಿಲ್ ಅಂಥವನು. ನಲವತ್ತೊಂಬತ್ತು ವರ್ಷ. ಮಾತ್ರೆ ನುಂಗಿಕೊಂಡೇ ಇಪ್ಪತ್ತು ವರ್ಷ ಕಾಗದದ ಗಿರಣಿಯಲ್ಲಿ ದುಡಿದವನು. ಗಿರಣಿ ಮುಚ್ಚಿತು, ಮಾತ್ರೆಯೂ ನಿಂತಿತು, ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿದು ನಮ್ಮಲ್ಲಿಗೆ ಬಂದ. ಯಂತ್ರದ ಸದ್ದಿಗೆ ಕಿವಿ ಅರ್ಧ ಹೋಗಿತ್ತಾದ್ದರಿಂದ ಅವನ ಮಾತೆಲ್ಲ ಕೂಗು. ಅವನು ‘ಉಪ್ಪು ಕೊಡು’ ಎಂದರೆ ಪಕ್ಕದ ವಾರ್ಡಿನವರು ಉಪ್ಪು ತರುತ್ತಿದ್ದರು. ಅವನ ಎಡಗಡೆ, ತುಸು ಹಿಂದೆ, ಒಬ್ಬ ನಿಂತು ದಿನವಿಡೀ ಅವನನ್ನು ಹಳಿಯುತ್ತಾನೆ. ಮದ್ದು ಆ ದನಿಯನ್ನು ತಗ್ಗಿಸಿತ್ತು, ಓಡಿಸಿರಲಿಲ್ಲ. ಹಾಗಾಗಿ ನಿಜವಾದ ಮನುಷ್ಯನೊಬ್ಬ ಎಡಗಡೆ ಹಿಂದಿನಿಂದ ಸದ್ದಿಲ್ಲದೆ ಬಂದರೆ ಲೈಲ್‌ಗೆ, ಕೊನೆಗೂ ಸಿಕ್ಕಿಬಿದ್ದನಲ್ಲ ಅನ್ನಿಸಿಬಿಡುತ್ತಿತ್ತು.

ಮೂರು ವರ್ಷದ ಹಿಂದೆ ಹಾಗೆ ಸಿಕ್ಕಿಬಿದ್ದವನು ನಾನು. ಮರುದಿನ ಏನು ಊಟ ಬೇಕೆಂದು ಬರೆಸಿಕೊಳ್ಳುವ ಫಾರ್ಮು ಹಿಡಿದು ಹೋಗಿದ್ದೆ. ಮೂಗು ಎರಡು ಕಡೆ ಮುರಿಯಿತು. ಫಾರ್ಮಿಗೆ ಏನೂ ಆಗಿರಲಿಲ್ಲ, ಅದನ್ನು ಕಡತಕ್ಕೆ ಸೇರಿಸಿದೆ.

ಆರ್ಡಿಸ್‌ಗೆ ಮಾತ್ರ ಅವನು ಒಂದು ಸಲವೂ ಕೈ ಎತ್ತಲಿಲ್ಲ. ಬಲಗಡೆಯಿಂದ, ಹತ್ತು ಹೆಜ್ಜೆ ದೂರದಿಂದಲೇ ಕೂಗಿಕೊಂಡು ಬರುತ್ತಿದ್ದಳು. “ಲೈಲ್, ನಾನು ಬರ್ತಾ ಇದೀನಿ. ಕೈಯಲ್ಲಿ ಟವೆಲ್ ಇದೆ. ನಿನ್ನ ಸ್ನಾನ ಆಗಿ ಮೂರು ದಿನ ಆಯ್ತು, ನೊಣಗಳು ಅರ್ಜಿ ಕೊಟ್ಟಿವೆ.”

“ನನ್ನೇನು ಹಸು ಅಂದ್ಕೊಂಡಿದೀಯಾ?”

“ಹಸುವಾಗಿದ್ರೆ ಇಷ್ಟು ಹೊತ್ತಿಗೆ ಎರಡು ಬಕೆಟ್ ಹಾಲಾದ್ರೂ ಕೊಡ್ತಿದ್ದೆ. ಏಳು.”

ಅವನಿಗೆ ಅವಳು ಎರಡು ವರ್ಷದಿಂದ ಒಂದೇ ಪಾಠ ಹೇಳಿಕೊಡುತ್ತಿದ್ದಳು. “ಕೈ ಎತ್ತೋಕೆ ಮುಂಚೆ ಬಾಯಿ ಎತ್ತು. ‘ಮುಂದೆ ಬಾ’ ಅನ್ನು. ನಿಜವಾದ ಮನುಷ್ಯ ಆದ್ರೆ ಮುಂದೆ ಬರ್ತಾನೆ. ಅವನಾದ್ರೆ ಬರಲ್ಲ, ಅವನಿಗೆ ಕಾಲಿಲ್ಲ.” ಲೈಲ್ ತಲೆಯಾಡಿಸುತ್ತಿದ್ದ, ಬೇಕಾದ ಹೊತ್ತಿಗೆ ಮರೆಯುತ್ತಿದ್ದ.

ಈಗ ಹಾಳೆಯ ವಿಷಯ. ನಮ್ಮ ವಾರ್ಡಿನಲ್ಲಿ ಪ್ರತಿ ಪಾಳಿಗೆ, ಪ್ರತಿ ರೋಗಿಗೆ, ಆರು ಪ್ರಶ್ನೆಗಳ ಒಂದು ಹಾಳೆ. ಗೊಂದಲ, ರೇಗಾಟ, ಗದ್ದಲ, ಬಾಯಲ್ಲಿ ಬೆದರಿಕೆ, ಕೈಯಲ್ಲಿ ಬೆದರಿಕೆ, ಸಾಮಾನಿನ ಮೇಲೆ ದಾಳಿ. ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಅಂಕ ಏರಿದರೆ ಹೊಡೆತ ಬರಬಹುದು, ಹುಷಾರು ಎಂದರ್ಥ. ಹಾಳೆ ಒಳ್ಳೆಯದೇ. ಥರ್ಮಾಮೀಟರೂ ಒಳ್ಳೆಯದೇ. ಅದನ್ನು ಬಾಯಲ್ಲಿ ಇಡುವ ಬದಲು ಬಿಸಿಲಿನಲ್ಲಿ ಇಟ್ಟರೆ ತಪ್ಪು ಥರ್ಮಾಮೀಟರಿನದಲ್ಲ.

“ಈ ಹಾಳೇನ ನನ್ನ ತಮ್ಮನ ಮೇಲೆ ತುಂಬಿದ್ರೆ ಐದು ಬರ್ತದೆ ಕಣೋ ಗ್ಲೆನ್” ಎಂದು ನನಗೆ ಹೇಳುತ್ತಿದ್ದಳು ಆರ್ಡಿಸ್. “ಅವನು ಕೌಂಟಿ ಬೋರ್ಡಿನ ಮೆಂಬರು.”

ಬರ್ಚ್ ಬೀದಿಯಲ್ಲಿ ಒಂದು ಮನೆ ಇದೆ. ಆಸ್ಪತ್ರೆಯಿಂದ ಹೊರಬಿದ್ದ ಆರು ಜನ ಗಂಡಸರು, ಒಬ್ಬ ಅಡುಗೆಯವಳು, ಒಂದು ಮುದಿ ನಾಯಿ. ಅಲ್ಲಿ ಡಿಸೆಂಬರ್ ಒಂದಕ್ಕೆ ಒಂದು ಕೋಣೆ ಖಾಲಿಯಾಗುವುದಿತ್ತು. ಲೈಲ್ ಹೋಗಿ ನೋಡಿ ಬಂದಿದ್ದ. ಬಂದವನು ಒಂದೇ ಸಂಗತಿಯನ್ನು ವಾರಗಟ್ಟಲೆ ಹೇಳಿದ. “ಮಂಚ ಗೋಡೆಗೆ ಅಂಟಿಕೊಂಡಿದೆ. ಎಡಗಡೆ ಗೋಡೆ, ತಲೆ ಹಿಂದೆ ಗೋಡೆ. ಗೋಡೆ ಕಣಮ್ಮಾ! ಅಲ್ಲಿ ಯಾವನು ನಿಲ್ತಾನೆ?”

ಆ ಮನೆಗೆ ಹೋಗಲು ಷರತ್ತು ಒಂದೇ. ಹದಿನಾಲ್ಕು ದಿನ ಒಂದೇ ಸಮನೆ ಹಾಳೆಯಲ್ಲಿ ಸೊನ್ನೆ ಬರಬೇಕು. ದಿನಕ್ಕೆ ಮೂರು ಪಾಳಿ. ನಲವತ್ತೆರಡು ಹಾಳೆ, ನಲವತ್ತೆರಡು ಸೊನ್ನೆ. ನನ್ನ ಮೇಲೆ ತುಂಬಿದ್ದರೆ ಮೊದಲ ಸೋಮವಾರ ಬೆಳಗ್ಗೆಯೇ ಮುಗಿದುಹೋಗುತ್ತಿತ್ತು. ಲೈಲ್ ಹಿಂದೆ ಎರಡು ಸಲ ಪ್ರಯತ್ನ ಮಾಡಿ, ಒಂದು ಸಲ ಒಂಬತ್ತನೇ ದಿನ, ಇನ್ನೊಂದು ಸಲ ಹನ್ನೊಂದನೇ ದಿನ ಜಾರಿದ್ದ. ಎರಡು ಸಲವೂ ಕೋಣೆ ಬೇರೆಯವರ ಪಾಲಾಗಿತ್ತು. ಮೂರನೆಯ ಸಲವೂ ಜಾರಿದರೆ ಅವನ ಹೆಸರನ್ನು ಪಟ್ಟಿಯಿಂದ ತೆಗೆಯುತ್ತೇವೆ ಎಂದು ಆ ಮನೆ ನಡೆಸುವವರು ಕಾಗದ ಬರೆದಿದ್ದರು.

ಎಣಿಕೆ ನವೆಂಬರಿನ ಒಂದು ಶನಿವಾರ ಶುರುವಾಯಿತು. ಎಂಟನೇ ದಿನ ಮತ್ತೆ ಶನಿವಾರ, ಜಿಂಕೆ ಬೇಟೆಯ ಮೊದಲ ದಿನ.

ವರ್ಷಕ್ಕೊಮ್ಮೆ ಸರಕಾರವೇ ಬಂದೂಕಿನ ಬೇಟೆಗೆ ಬಿಡುವ ಆ ಒಂಬತ್ತು ದಿನ ನಮ್ಮ ಕೌಂಟಿಯಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ಹಲ್ಲು ಕೀಳಿಸುವುದಿಲ್ಲ, ಸಾಯುವವರೂ ಕೊಂಚ ತಡೆದುಕೊಳ್ಳುತ್ತಾರೆ. ವಾರ್ಡಿನವರು ಮಾರ್ಚಿನಲ್ಲೇ ರಜೆ ಹಾಕಿರುತ್ತಾರೆ. ಆರ್ಡಿಸ್ ಮೂವತ್ತೊಂದು ವರ್ಷದಲ್ಲಿ ಒಂದು ಬೇಟೆಯನ್ನೂ ತಪ್ಪಿಸಿದವಳಲ್ಲ. ಗಂಡ ಮರ್ಲ್ ತೀರಿಕೊಂಡ ವರ್ಷವೂ ಅವನ ಬಂದೂಕು ಹಿಡಿದು ಹೋಗಿದ್ದಳು. ನಾನೂ ಹೋಗುತ್ತೇನೆ. ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ಮರದ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿದು ಬರುತ್ತೇನೆ. ಜಿಂಕೆಗಳಿಗೆ ನನ್ನ ಮರ ಗೊತ್ತು, ಅದರ ಕೆಳಗೆ ಮಲಗುತ್ತವೆ.

ನಾವು ಹೋದ ಜಾಗಕ್ಕೆ ಏಜೆನ್ಸಿಯಿಂದ ಬದಲಿಯವರು ಬರುತ್ತಾರೆ.

ಇಷ್ಟು ಹೇಳಿದ ಮೇಲೆ ಮುಂದಿನದು ನಿಮಗೆ ಈಗಾಗಲೇ ಹೊಳೆದಿರಬಹುದು. ಪ್ರೆಸ್ಟನ್ ವಿಕ್ ಅವರಿಗೆ ಮೂರು ವರ್ಷವಾದರೂ ಹೊಳೆದಿರಲಿಲ್ಲ. ಅವರು ಶಿಕಾಗೋ ಕಡೆಯವರು, ನಮ್ಮ ಆಸ್ಪತ್ರೆಯ ‘ಸುರಕ್ಷತೆ ಮತ್ತು ಅನುಭವ’ ವಿಭಾಗದ ನಿರ್ದೇಶಕರು. ಅನುಭವ ಯಾರದು ಎಂದು ನಾವು ಕೇಳಲಿಲ್ಲ. ಅವರ ಕೋಣೆಯ ಗೋಡೆಯ ಮೇಲೆ ಒಂದು ರೇಖಾನಕ್ಷೆ. ವರ್ಷವೆಲ್ಲ ಹೊಡೆದಾಟಗಳು ಗಿಡ್ಡ ಹುಲ್ಲಿನ ಹಾಗೆ ಬೆಳೆದಿವೆ, ನವೆಂಬರಿನ ಕೊನೆಯ ವಾರದಲ್ಲಿ ಪ್ರತಿ ವರ್ಷ ಒಂದು ಬೆಟ್ಟ. ಎತ್ತು ಈಯಿತು ಎಂದರೆ ಕರು ಕಟ್ಟಲು ಹಗ್ಗ ಹುಡುಕುವ ಜಾತಿ ಅವರದು. ಮೊದಲ ವರ್ಷ, ಹಗಲು ಚಿಕ್ಕದಾಗುವುದರಿಂದ ರೋಗಿಗಳು ಕೆರಳುತ್ತಾರೆ ಎಂದು ದೊಡ್ಡ ದೊಡ್ಡ ದೀಪ ತರಿಸಿದರು. ಎರಡನೇ ವರ್ಷ, ಕೃತಜ್ಞತೆ ಹೇಳುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಮನೆಯ ನೆನಪು ಕಾಡುತ್ತದೆ ಎಂದು ‘ಕೃತಜ್ಞತೆಯ ಮರ’ ನೆಟ್ಟರು. ರಟ್ಟಿನ ಮರ, ಕಾಗದದ ಎಲೆ, ಎಲೆಯ ಮೇಲೆ ಯಾರಿಗೆ ಕೃತಜ್ಞರೋ ಬರೆಯಬೇಕು. ದೀಪ ಕೆಟ್ಟುಹೋದದ್ದಕ್ಕೆ ಕೃತಜ್ಞತೆ ಎಂದು ಒಬ್ಬ ಬರೆದ. ಈ ವರ್ಷ ಊಟದ ಮನೆಯ ಚಾವಣಿಗೆ ಆಕಾಶ ಬರೆಸಿದ್ದರು. ನೀಲಿ, ನಡುನಡುವೆ ಮೋಡ.

ಊರಿನವರಾದ ನೀವಾದರೂ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಲು ನಾವು ಕಂಡಿದ್ದರಲ್ಲವೆ? ನಾವು ಕಾಡಿನಲ್ಲಿದ್ದೆವು.

ಎಣಿಕೆಯ ಐದನೇ ದಿನ ಆರ್ಡಿಸ್ ನನ್ನ ಮೇಜಿನ ಮುಂದೆ ಬಂದು ನಿಂತಳು. “ಲೈಲ್ ಹೋದ ವರ್ಷ ಜಾರಿದ್ದು ಯಾವತ್ತು?”

ನೋಡಿ ಹೇಳಿದೆ. ಬೇಟೆಯ ಮೂರನೇ ದಿನ.

“ಅದರ ಹಿಂದಿನ ವರ್ಷ?”

ಬೇಟೆಯ ಎರಡನೇ ದಿನ.

“ಐದು ವರ್ಷದ ಹೊಡೆದಾಟದ ಕಡತ ತೆಗಿ.”

“ಅದಕ್ಕೆ ಒಂದು ಕೋರಿಕೆ ಪತ್ರ ಬರೆದು...”

“ಗ್ಲೆನ್.”

ತೆಗೆದುಕೊಟ್ಟೆ. ಅವಳು ನಿಂತಲ್ಲೇ ಹಾಳೆ ತಿರುವಿದಳು, ಕೆಳಗೆ ವರದಿ ಬರೆದವರ ಸಹಿಗಳ ಮೇಲೆ ಬೆರಳಿಡುತ್ತಾ ಹೋದಳು. “ಈ ಸಹಿ ಯಾರದು? ಗೊತ್ತಿಲ್ಲ ತಾನೆ? ಇದು? ಇದೂ ಗೊತ್ತಿಲ್ಲ. ಐದೂ ಬೇಟೆ ವಾರ ಸೇರಿ ಇಪ್ಪತ್ತಾರು ಹೊಡೆದಾಟ. ನಮಗೆ ಗೊತ್ತಿರೋ ಸಹಿ ಎಷ್ಟು? ಮೂರು. ಆಕಾಶ ಬರೆಸಿದ್ದಾನಂತೆ ಆಕಾಶ! ಗೊತ್ತಿಲ್ಲದೋರು ಬಂದು ಬೆನ್ನಿಂದ ಕೈ ಹಾಕಿದ್ರೆ ನಾನೂ ಹೊಡೀತೀನಿ, ಆಕಾಶ ಯಾವ ಬಣ್ಣದ್ದಾದ್ರೂ ಇರ್ಲಿ.”

ಹಾಗೆ ಹೇಳಿ ಕಡತ ಮುಚ್ಚಿದಳು. “ನಾವೇ ಕಣೋ” ಎಂದಳು. “ಪ್ರತಿ ವರ್ಷ ನಾವೇ ಎದ್ದು ಹೋಗಿದೀವಿ.”

ಪ್ರೆಸ್ಟನ್ ಅವರ ಬಳಿ ಹೋದೆವು. ನಾನು ಕಡತ ಹೊರಲು.

“ನೋಡಿ ಆರ್ಡಿಸ್, ಆಸಕ್ತಿಕರವಾದ ಊಹೆ” ಎಂದರು ಅವರು. “ಆದರೆ ರಜೆಗಳು ಮಾರ್ಚಿನಲ್ಲಿ ಮಂಜೂರಾಗಿವೆ. ಈಗ ಮುಟ್ಟಿದರೆ ಯೂನಿಯನ್ ಬರುತ್ತೆ.”

“ರಜೆ ಬಿಡಿ. ಬರೋ ಬದಲಿಯೋರಿಗೆ ಒಂದು ಮಾತು ತಿಳಿಸಿ, ಸಾಕು. ಲೈಲ್ ಹತ್ರ ಹಿಂದಿನಿಂದ ಹೋಗಬೇಡಿ, ಮೊದಲು ಮಾತಾಡಿ. ಗೋಡೆ ಮೇಲೆ ಒಂದು ಚೀಟಿ ಅಂಟಿಸಿದ್ರೆ ಮುಗೀತು.”

“ರೋಗಿಯ ಖಾಸಗಿ ವಿವರ ಗೋಡೆ ಮೇಲೆ ಹಾಕೋ ಹಾಗಿಲ್ಲ. ಕಂಪ್ಯೂಟರಿನಲ್ಲಿ ಇದೆಯಲ್ಲ, ಅವರ ಆರೈಕೆ ಯೋಜನೆಯಲ್ಲಿ.”

“ನಲವತ್ತೊಂದನೇ ಪುಟದಲ್ಲಿ.”

“ಇದೆ ತಾನೆ?”

“ಬದಲಿಯೋರಿಗೆ ಕಂಪ್ಯೂಟರಿನ ಪಾಸ್‌ವರ್ಡು ಸಿಗೋಕೆ ಎಷ್ಟು ದಿನ?”

ಪ್ರೆಸ್ಟನ್ ನನ್ನ ಕಡೆ ನೋಡಿದರು. “ಆರು ಕೆಲಸದ ದಿನ” ಎಂದೆ. ಪಾಸ್‌ವರ್ಡಿನ ಅರ್ಜಿ ನನ್ನ ಮೂಲಕವೇ ಹೋಗಬೇಕು. ಅದು ನನ್ನ ಹೆಮ್ಮೆಯ ಖಾತೆ.

“ಅವರು ಇರೋದು ಎಷ್ಟು ದಿನ?”

“ಐದು.”

“ಹಾಗಾದರೆ ಪ್ರಕ್ರಿಯೆಯನ್ನು ಪರಿಶೀಲಿಸೋಣ” ಎಂದರು ಪ್ರೆಸ್ಟನ್, “ಜನವರಿಯಲ್ಲಿ.” ಆರ್ಡಿಸ್ ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡಳೆಂದರೆ ನಕ್ಷೆ ಓರೆಯಾಯಿತು. ಸಾಮಾನಿನ ಮೇಲೆ ದಾಳಿ, ಒಂದು.

ಹೊರಗೆ ಬಂದವಳು ತಮ್ಮನಿಗೆ ಫೋನ್ ಮಾಡಿದಳು. “ಡ್ವೇನ್, ಈ ಸಲ ನಾನು ಬರಲ್ಲ.” ಆ ಕಡೆಯ ದನಿ ನನಗೂ ಕೇಳಿಸಿತು. “ಯಾರು ಹೋಗ್ಬಿಟ್ರು?” “ಯಾರೂ ಹೋಗಿಲ್ಲ. ಕೆಲಸ ಇದೆ.” ಅವಳು ಫೋನ್ ಇಟ್ಟು ನನ್ನ ಕಡೆ ತಿರುಗಿದಳು.

“ನೀನು ಯಾವತ್ತಾದ್ರೂ ಏನಾದ್ರೂ ಹೊಡೆದಿದೀಯಾ?”

“ಎರಡು ಸಾವಿರದ ಹನ್ನೊಂದರಲ್ಲಿ...”

“ಅದು ಅಂಚೆ ಡಬ್ಬ. ರಜೆ ರದ್ದು ಮಾಡ್ಸು.”

ಹಾಗೆ ನನ್ನ ಬೇಟೆಯೂ ತಪ್ಪಿತು. ಆ ವರ್ಷ ಜಿಂಕೆಗಳಿಗೆ ನಿದ್ದೆ ಬಂತೋ ಇಲ್ಲವೋ.

ಎಂಟನೇ ದಿನದಿಂದ ಅವಳು ಬೆಳಗಿನ ಪಾಳಿಯ ಮೇಲೆ ಸಂಜೆಯ ಪಾಳಿಯನ್ನೂ ಹೊತ್ತುಕೊಂಡಳು. ರಾತ್ರಿ ಲೈಲ್ ನಿದ್ದೆ ಮಾಡುತ್ತಾನಾದ್ದರಿಂದ ಆ ಹಾಳೆಯ ಚಿಂತೆ ಇರಲಿಲ್ಲ. ಪಾಳಿ ಬದಲಾದಾಗ ಬದಲಿಯವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ ಪಾಠ. ಪಾಠಕ್ಕೆ ನಾನು ಲೈಲ್‌ನ ಪಾತ್ರ. ಕುರ್ಚಿಯಲ್ಲಿ ಕೂರಿಸಿ, “ಹೀಗೆ ಬಂದ್ರೆ ಇವನು ಸುಮ್ನಿರ್ತಾನೆ. ಹೀಗೆ ಬಂದ್ರೆ, ಇವನ ಮೂಗು ನೋಡಿ” ಎಂದು ನನ್ನ ಮೂಗನ್ನು ಹಿಡಿದು ತೋರಿಸುತ್ತಿದ್ದಳು. ನನ್ನ ದೇಹದ ಒಂದು ಭಾಗ ಈ ಆಸ್ಪತ್ರೆಯಲ್ಲಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಎಂಟು, ಒಂಬತ್ತು, ಹತ್ತು. ಸೊನ್ನೆ, ಸೊನ್ನೆ, ಸೊನ್ನೆ. ಲೈಲ್ ದಿನವೂ ನನ್ನ ಕಿಟಕಿಗೆ ಬಂದು, “ಎಷ್ಟಾಯ್ತು?” ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೇಳುತ್ತಿದ್ದ. ಸಂಜೆ ಆರ್ಡಿಸ್ ಅವನ ಬಲಗಡೆ ಕೂತು ಇಸ್ಪೀಟು ಆಡಿಸುತ್ತಿದ್ದಳು. ಹನ್ನೆರಡನೇ ದಿನ ಅವನು ಎಲೆ ಕೆಳಗಿಟ್ಟು, “ಅವನು ಹೇಳ್ತಾ ಇದಾನೆ, ನಾಳೆ ಕೆಡಿಸ್ತೀನಿ ಅಂತ” ಎಂದ.

“ಅವನು ಎಂದಾದ್ರೂ ಒಳ್ಳೆ ಸುದ್ದಿ ಹೇಳಿದಾನಾ? ಎಲೆ ಹಾಕು” ಎಂದಳು.

ಹದಿಮೂರನೇ ದಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಮಧ್ಯಾಹ್ನ ಟರ್ಕಿ ಕೋಳಿಯ ಊಟ, ರೋಗಿಗಳ ನೆಂಟರಿಗೂ ಕರೆ. ವಾರ್ಡಿನ ಕುರ್ಚಿಗಳ ಹೊಟ್ಟೆಯಲ್ಲಿ ಮರಳು ತುಂಬಿರುತ್ತದೆ, ಯಾರೂ ಎತ್ತಿ ಎಸೆಯಬಾರದೆಂದು. ಹಬ್ಬದ ದಿನ ಮನೆಯಂತೆ ಕಾಣಲಿ ಎಂದು ಪ್ರೆಸ್ಟನ್ ಅವನ್ನೆಲ್ಲ ತೆಗೆಸಿ ಹಗುರವಾದ ಮಡಚುವ ಕುರ್ಚಿ ಹಾಕಿಸಿದ್ದರು. ಮೇಲೆ ಆಕಾಶ.

ಹಿಮ ಬಿದ್ದು ರಸ್ತೆ ಕೆಟ್ಟಿತ್ತು. ಬದಲಿಯವರಲ್ಲಿ ಒಬ್ಬ, ರ್‍ಯಾಂಡಲ್ ಎಂಬ ದೊಡ್ಡ ಆಳು, ಮೊದಲು ಜೈಲಿನಲ್ಲಿ ಕಾವಲಿದ್ದವನು, ನಾಲ್ಕು ಗಂಟೆ ತಡವಾಗಿ ಬಂದ. ಬಾಗಿಲಿನ ಪಾಠ ಅವನಿಗೆ ತಪ್ಪಿತು. ಊಟ ಮುಗಿಯುವ ಹೊತ್ತು. ಆರ್ಡಿಸ್ ಕುಂಬಳದ ಕಡುಬಿನ ತಟ್ಟೆಗಳನ್ನು ತರಲು ಅಡುಗೆಮನೆಗೆ ಹೋಗಿದ್ದಳು. ರ್‍ಯಾಂಡಲ್ ಪ್ಲಾಸ್ಟಿಕ್ ಚಾಕುಗಳನ್ನು ಎಣಿಸಿ ತೆಗೆದುಕೊಳ್ಳುತ್ತಿದ್ದ. ಒಂದು ಕಡಿಮೆ ಬಂತು. ಲೈಲ್‌ನ ತಟ್ಟೆಯ ಪಕ್ಕ ಇತ್ತು. ರ್‍ಯಾಂಡಲ್ ಎಡಗಡೆಯಿಂದ, ಹಿಂದಿನಿಂದ, ಮಾತಿಲ್ಲದೆ ಕೈ ಚಾಚಿದ.

ನಾನು ಎದುರಿನ ಗೋಡೆಯ ಬಳಿ ಇದ್ದೆ. ಕೂಗಬೇಕೆಂದುಕೊಂಡೆ. ನನ್ನ ಕೈ ಮಾತ್ರ ಮೂಗನ್ನು ಮುಚ್ಚಿಕೊಂಡಿತು.

ಲೈಲ್ ಸಿಡಿದೆದ್ದ. ಕುರ್ಚಿ ಹಾರಿ ಬಿತ್ತು. ಮುಷ್ಟಿ ಎರಡೂ ತೊಡೆಗಳ ಪಕ್ಕ ಬಿಗಿದಿದ್ದವು, ಕತ್ತಿನ ನರ ಉಬ್ಬಿತ್ತು. ಅವನು ತಿರುಗಲಿಲ್ಲ. ಆಕಾಶದ ಮೋಡಗಳನ್ನು ನೋಡುತ್ತಾ ಸೂರು ಹಾರುವ ಹಾಗೆ ಕೂಗಿದ.

“ಮುಂದೆ ಬಾ! ಮನುಷ್ಯ ಆದ್ರೆ ಮುಂದೆ ಬಾ!”

ರ್‍ಯಾಂಡಲ್ ಬೆಚ್ಚಿ ಎರಡು ಹೆಜ್ಜೆ ಹಿಂದೆ ಹೋದ. ಲೈಲ್ ಏಳುವಾಗಲೇ ಅಡುಗೆಮನೆಯ ಬಾಗಿಲಿಗೆ ಬಂದಿದ್ದ ಆರ್ಡಿಸ್ ಅಲ್ಲೇ ನಿಂತಿದ್ದಳು, ಎರಡೂ ಕೈಯಲ್ಲಿ ತಟ್ಟೆ. “ಅವನು ಕೇಳಿದ್ದು ಕೇಳಿಸ್ಲಿಲ್ವೇನಯ್ಯಾ?” ಎಂದಳು ರ್‍ಯಾಂಡಲ್‌ಗೆ. “ಮುಂದೆ ಬಾ ಅಂದ. ಬಾ.”

ರ್‍ಯಾಂಡಲ್ ಮೇಜು ಸುತ್ತಿ ಎದುರಿಗೆ ಬಂದ. ಲೈಲ್ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಕಾಲಿದೆಯೋ ಇಲ್ಲವೋ ಎಂದು ಎರಡು ಸಲ ನೋಡಿದ. ಆಮೇಲೆ ಚಾಕು ತೆಗೆದು ಕೊಟ್ಟ. “ಬೇಕು ಅಂತ ಹೇಳೋದಲ್ವಾ!” ಎಂದು ರೇಗಿದ. ಕುರ್ಚಿ ಎತ್ತಿ ನಿಲ್ಲಿಸಿ ಕೂತು ಕಡುಬು ತಿಂದ.

ಸಂಜೆ ನನ್ನ ಮೇಜಿಗೆ ಹಾಳೆ ಬಂತು. ರೇಗಾಟ ಒಂದು, ಗದ್ದಲ ಒಂದು, ಸಾಮಾನಿನ ಮೇಲೆ ದಾಳಿ ಒಂದು. ಒಟ್ಟು ಮೂರು. ಸಹಿ, ರ್‍ಯಾಂಡಲ್.

ಆರ್ಡಿಸ್ ಅವನನ್ನು ಹಿಡಿದಳು. ಅವನು ಕೆಟ್ಟವನಲ್ಲ. “ನಾನು ಕಂಡದ್ದು ಬರೆದೆ ಅಮ್ಮಾ” ಎಂದ. “ಕೂಗಿದ್ದು ಹೌದು ತಾನೆ? ಕುರ್ಚಿ ಬಿದ್ದದ್ದು ಹೌದು ತಾನೆ?” ಹೌದು. ಅವಳು ಹೋಗಿ ಅಡುಗೆಮನೆಯಲ್ಲಿ ಎಲ್ಲ ಪಾತ್ರೆಗಳನ್ನೂ ಎರಡು ಸಲ ತೊಳೆದಳು.

ಶುಕ್ರವಾರ, ಹದಿನಾಲ್ಕನೇ ದಿನ, ಸಭೆ. ಲೈಲ್‌ನ ವೈದ್ಯೆ ಡಾಕ್ಟರ್ ಲಿಂಡ್‌ಹೋಮ್, ಪ್ರೆಸ್ಟನ್, ಆರ್ಡಿಸ್, ಟಿಪ್ಪಣಿ ಬರೆಯಲು ನಾನು. ಎಲ್ಲರಿಗೂ ಒಂದೊಂದು ಖಾಲಿ ಹಾಳೆ ಬೇಕೆಂದು ಡಾಕ್ಟರು ಕೇಳಿದ್ದರು. ಸಭೆಗೆ ಹತ್ತು ನಿಮಿಷ ಮುಂಚೆ ನೋಡಿದರೆ ಟ್ರೇ ಖಾಲಿ. ಕೆಳಗಿನ ಖಾನೆಯಿಂದ ಮೂಲಪ್ರತಿ ತೆಗೆದೆ. ಆರು ವರ್ಷದ ಹಿಂದೆ ಬಂದದ್ದು, ದಪ್ಪ ಕಾಗದ. ಜೆರಾಕ್ಸ್ ಯಂತ್ರದ ಮೇಲಿಡುವಾಗ ಕೈ ಜಾರಿ ಮಗುಚಿ ಬಿತ್ತು. ಹಿಂಬದಿಯಲ್ಲೂ ಅಕ್ಷರ ಇತ್ತು.

ಆರು ವರ್ಷದ ಹಿಂದೆ ನಾನೇ ಅದನ್ನು ನೋಡಿದ್ದೆ. ನೋಡಿ, ಒತ್ತಾದ ಸಣ್ಣ ಅಕ್ಷರ, ಇದನ್ನು ಯಾರು ಓದುತ್ತಾರೆ ಎಂದು ಮುಂಬದಿ ಮಾತ್ರ ಜೆರಾಕ್ಸ್ ಮಾಡಿಸಿದ್ದೆ. ಅದರಿಂದ ಕಾಗದ ಅರ್ಧಕ್ಕರ್ಧ ಉಳಿಯಿತೆಂದು ಕೌಂಟಿಯವರು ನನಗೊಂದು ಪ್ರಶಸ್ತಿಪತ್ರ ಕೊಟ್ಟಿದ್ದರು. ಅದು ಕಟ್ಟುಹಾಕಿಸಿಕೊಂಡು ಆ ಯಂತ್ರದ ಮೇಲುಗಡೆಯೇ ತೂಗುತ್ತಿತ್ತು, ನನ್ನನ್ನೇ ನೋಡುತ್ತಾ.

ನಿಂತು ಓದಿದೆ. ಆಮೇಲೆ ಸುಳ್ಳು ಹೇಳುವುದಿಲ್ಲ, ಅದನ್ನು ಮತ್ತೆ ಖಾನೆಯಲ್ಲಿಟ್ಟು ಮುಚ್ಚಿದೆ. ಎರಡು ನಿಮಿಷ ಮುಚ್ಚಿಯೇ ಇತ್ತು. ಅಷ್ಟರಲ್ಲಿ ಕಿಟಕಿಗೆ ಲೈಲ್ ಬಂದ. “ಎಷ್ಟಾಯ್ತು ಗ್ಲೆನ್?” ಎಂದು ಕೇಳಲಿಲ್ಲ. ಅವನಿಗೂ ಲೆಕ್ಕ ಗೊತ್ತಿತ್ತು. ಸುಮ್ಮನೆ ನಿಂತು, ಹೋದ.

ಸಭೆಯಲ್ಲಿ ಪ್ರೆಸ್ಟನ್ ಆಗಲೇ ಮಾತಿಗೆ ತೊಡಗಿದ್ದರು. “ನನಗೂ ಬೇಸರವೇ. ಆದರೆ ಮೂರು ಅಂದರೆ ಮೂರು. ಅಳತೆಗೋಲಿಗೆ ಮುಖ ನೋಡಿ ಮಣೆ ಹಾಕೋಕಾಗಲ್ಲ.”

“ಮೂರು ವರ್ಷದಲ್ಲಿ ಮೊದಲನೇ ಸಲ ಅವನು ಕೈ ಬಿಗಿ ಹಿಡ್ಕೊಂಡು ಬಾಯಲ್ಲಿ ಹೇಳಿದ” ಎಂದಳು ಆರ್ಡಿಸ್. “ಅದಕ್ಕೆ ನಿಮ್ಮ ಹಾಳೆಯಲ್ಲಿ ಜಾಗ ಎಲ್ಲಿದೆ?”

“ಹಿಂದುಗಡೆ” ಎಂದೆ ನಾನು.

ಮೂವರೂ ತಿರುಗಿದರು. ಮೂಲಪ್ರತಿಯನ್ನು ಮಗುಚಿ ಡಾಕ್ಟರ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ‘ಈ ಹಾಳೆಯನ್ನು ರೋಗಿಯನ್ನು ಬಲ್ಲವರೇ ತುಂಬಬೇಕು. ರೋಗಿಯ ಎಂದಿನ ನಡವಳಿಕೆಗೆ ಅಂಕವಿಲ್ಲ. ಅದಕ್ಕಿಂತ ಹೆಚ್ಚಾದದ್ದಕ್ಕೆ ಮಾತ್ರ ಅಂಕ.’

ಪ್ರೆಸ್ಟನ್ ಕೇಳಿದರು, “ಇದನ್ನು ಜೆರಾಕ್ಸ್ ಮಾಡದೆ ಬಿಟ್ಟವರು ಯಾರು?”

“ನಾನೇ. ಪ್ರಶಸ್ತಿ ಕೊಟ್ಟಿದ್ದಾರೆ.”

ಆರ್ಡಿಸ್ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಆರು ಪ್ರಶ್ನೆಗಳಿಗೂ ಅದರಲ್ಲಿ ಉತ್ತರ ಇತ್ತು.

ಡಾಕ್ಟರು ಹಾಳೆಯನ್ನು ಅವಳ ಕಡೆ ಸರಿಸಿದರು. “ಲೈಲ್‌ನ ಬಲ್ಲವರು ನೀವು. ನೆನ್ನೆ ಮಧ್ಯಾಹ್ನ ನೀವೂ ಅಲ್ಲಿದ್ದಿರಿ. ನೀವು ತುಂಬಿ.”

ಅವಳು ಪೆನ್ನು ಹಿಡಿದು ಒಂದೊಂದೇ ಓದಿದಳು. “ಗದ್ದಲ. ಅವನು ಉಪ್ಪು ಕೇಳಿದರೂ ಅಷ್ಟೇ ಗದ್ದಲ. ಸೊನ್ನೆ. ರೇಗಾಟ. ‘ಹೇಳೋದಲ್ವಾ’ ಅಂದ. ದಿನಾ ನನಗೆ ಇದಕ್ಕಿಂತ ಹೆಚ್ಚು ಅಂತಾನೆ. ಸೊನ್ನೆ. ಸಾಮಾನಿನ ಮೇಲೆ ದಾಳಿ.” ಇಲ್ಲಿ ನಿಂತಳು. “ಕುರ್ಚಿ ಬಿತ್ತು. ಎದ್ದ ರಭಸಕ್ಕೆ ಬಿತ್ತು, ಅವನು ತಳ್ಳಲಿಲ್ಲ. ಎತ್ತಿಟ್ಟವನೂ ಅವನೇ. ನಮ್ಮ ಮರಳು ಕುರ್ಚಿ ಆಗಿದ್ರೆ ಮಿಸುಕ್ತಾನೂ ಇರ್ಲಿಲ್ಲ. ಹಗುರದ ಕುರ್ಚಿ ಯಾರು ಹಾಕ್ಸಿದ್ರು ಅಂತ ಹಾಳೆ ಕೇಳಿಲ್ಲ, ನಾನೂ ಹೇಳಲ್ಲ. ಸೊನ್ನೆ.”

“ಕೈಯಲ್ಲಿ ಬೆದರಿಕೆ?” ಎಂದರು ಡಾಕ್ಟರು. “ಮುಷ್ಟಿ ಬಿಗಿದಿತ್ತಂತೆ.”

ಆರ್ಡಿಸ್ ಪೆನ್ನು ಕೆಳಗಿಟ್ಟಳು. “ಬಿಗಿದಿತ್ತು ಡಾಕ್ಟ್ರೇ. ತನ್ನನ್ನ ತಾನು ಹಿಡ್ಕೊಂಡಿದ್ದ.”

ಡಾಕ್ಟರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಸಹಿ ಹಾಕಿದರು.

ಸೋಮವಾರ ಬೆಳಗ್ಗೆ ಬರ್ಚ್ ಬೀದಿಯ ವ್ಯಾನು ಬಂತು. ಲೈಲ್‌ನ ಕೈಯಲ್ಲಿ ಎರಡು ಕಾಗದದ ಚೀಲ. ಚಾಲಕ ಇಳಿದು, ಚೀಲ ಇಸಿದುಕೊಳ್ಳೋಣವೆಂದು ಹಿಂದಿನಿಂದ ಬಂದ. ಆರ್ಡಿಸ್ ಬಾಯಿ ತೆರೆಯುವಷ್ಟರಲ್ಲಿ ಲೈಲ್ ತಾನೇ ಹೇಳಿದ. “ಮುಂದೆ ಬಾರಪ್ಪಾ. ಬೆನ್ನಿಂದ ಬಂದ್ರೆ ನಂಗಾಗಲ್ಲ.” ಚಾಲಕ ಸರಿಯೆಂದು ಮುಂದೆ ಬಂದ. ಅಷ್ಟೇ.

ನಾನೂ ಮುಂದೆ ಹೋಗಿ ಕೈ ಕೊಟ್ಟೆ. ಲೈಲ್ ನನ್ನ ಮುಖ ನೋಡಿದ. “ಮೂಗು ಇನ್ನೂ ಸೊಟ್ಟಗೇ ಇದೆ.”

“ಇದೆ.”

“ಹಿಂದಿನಿಂದ ಬಂದಿದ್ದೆ ನೀನು.”

“ಹೌದು ಲೈಲ್. ತಪ್ಪು ನಂದೇ.”

ವ್ಯಾನು ತಿರುವು ದಾಟುವವರೆಗೆ ಆರ್ಡಿಸ್ ಹಿಮದಲ್ಲಿ ನಿಂತಿದ್ದಳು. ಮಂಡಿಯ ಸದ್ದಿಲ್ಲ, ಬಾಯಿಯ ಸದ್ದಿಲ್ಲ. ಮುಖ ಯಾರದೋ ಬೇರೆಯವರ ಮುಖದಂತಿತ್ತು. ಮೊದಲೇ ಹೇಳಿದೆನಲ್ಲ, ಎರಡನೆಯ ಸಲ. ಹೆಚ್ಚೆಂದರೆ ಒಂದೂವರೆ ನಿಮಿಷ.

ಅಷ್ಟರಲ್ಲಿ ಬಾಗಿಲು ತೆರೆದು ಪ್ರೆಸ್ಟನ್ ಬಂದರು, ಕೈಯಲ್ಲಿ ಹೊಸ ನಕ್ಷೆ. ನವೆಂಬರಿನ ಬೆಟ್ಟ ಮಾಯವಾಗಿತ್ತು. “ನೋಡಿದಿರಾ ಆರ್ಡಿಸ್? ಒಂದೂ ಹೊಡೆದಾಟ ಇಲ್ಲ! ನಾನು ಮೊದಲೇ ಹೇಳಿದ್ದೆ, ಆಕಾಶ ಕೆಲಸ ಮಾಡುತ್ತೆ ಅಂತ. ಮುಂದಿನ ವರ್ಷ ಸ್ನಾನದ ಮನೆಗೂ ಬರೆಸೋಣ.”

ಆರ್ಡಿಸ್ ನಿಧಾನವಾಗಿ ಅವರ ಕಡೆ ತಿರುಗಿದಳು. ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಅವಳಿಗೆ ಎದುರಿನಿಂದ ಕಾಣುವ ಹಾಗೆ ನಿಂತೆ.